ಮುದಗಲ್ಲಿನ ಚೆಲುವೆ ಮತ್ತು ನಮ್ಮ ಎರೆಹೊಲ

ರಾಯಚೂರು ಕೋಟೆಯ ಮಾತು ಬಂದರೆ ಸಾಕು, ಎರಡೇ ಎರಡು ಕತೆ. ಒಂದು, ಹಿಂದೂ-ಮುಸ್ಲಿಂ ಧರ್ಮಯುದ್ಧ. ಇನ್ನೊಂದು, ಮುದಗಲ್ಲಿನ ಅಕ್ಕಸಾಲಿಗನ ಮಗಳಿಗಾಗಿ ನಡೆದ ಯುದ್ಧ! ಕೃಷ್ಣಾ-ತುಂಗಭದ್ರೆಯರ ನಡುವಿನ ಈ ಕಲ್ಲೂರಿನಲ್ಲಿ ಕೂತು ಬರೆಯುವ ನನಗೆ ಎರಡೂ ಒಪ್ಪಿಗೆಯಿಲ್ಲ ಸ್ವಾಮಿ.

ಮೊದಲನೆಯದನ್ನೇ ನೋಡೋಣ. ವಿಜಯನಗರ, ಬಹಮನಿ ಎರಡೂ ಹುಟ್ಟುವ ಮೊದಲೇ ಇಲ್ಲಿ ಬಡಿದಾಟ ಇತ್ತು. ಹನ್ನೊಂದನೇ ಶತಮಾನದಲ್ಲಿ ರಾಜೇಂದ್ರ ಚೋಳ ಮತ್ತು ಕಲ್ಯಾಣದ ಚಾಲುಕ್ಯ ಜಯಸಿಂಹ ಮುಶಂಗಿಯಲ್ಲಿ ಕಾದಾಡಿದರು. ಮುಶಂಗಿ ಅಂದರೆ ನಮ್ಮ ಮಸ್ಕಿಯೇ ಅಂತ ಹಲವು ವಿದ್ವಾಂಸರು ಹೇಳುತ್ತಾರೆ. ಅಲ್ಲಿ ಸುಲ್ತಾನ ಯಾರು? ರಾಯಚೂರು ಕೋಟೆಯ ಆ ಉದ್ದನೆಯ ಶಾಸನದ ಕಲ್ಲು ಕೂಡ 1294ರದು, ಕಾಕತೀಯರ ಕಾಲದ್ದು.

ಇನ್ನು ಎರಡನೇ ದೇವರಾಯನ ಸೈನ್ಯದಲ್ಲಿ ಮುಸ್ಲಿಮರಿದ್ದರು. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾನಿಂದ ರಾಯಚೂರು ಗೆದ್ದಾಗ ಕೋಟೆಗೆ ಗುಂಡು ಹೊಡೆದವರಲ್ಲಿ ಪೋರ್ಚುಗೀಸರಿದ್ದರು. 1558ರಲ್ಲಿ ರಾಮರಾಯ ಬಿಜಾಪುರದ ಜೊತೆ ಸೇರಿಕೊಂಡೇ ಅಹಮದನಗರದ ಮೇಲೆ ಹೋದ. ಎಂಥಾ ಧರ್ಮಯುದ್ಧವೋ!

ಚೆಲುವೆಯ ಕತೆ? ಅದು 1406ರದು ಅಂತ ಬರೆದವನು ಫಿರಿಷ್ತಾ, ಸುಮಾರು ಇನ್ನೂರು ವರ್ಷ ಆದ ಮೇಲೆ. ಆದರೆ ಬುಕ್ಕರಾಯನೂ ಬಹಮನಿ ಮುಹಮ್ಮದ್ ಶಾನೂ ಅದೇ ಮುದಗಲ್ಲಿಗಾಗಿ 1360ರ ದಶಕದಲ್ಲೇ ಹೊಡೆದಾಡಿದ್ದರು. ಪಾಪ, ಆ ಹುಡುಗಿ ಆಗ ಹುಟ್ಟಿಯೇ ಇರಲಿಕ್ಕಿಲ್ಲ.

ನಿಜವಾದ ಬೇರು ನೆಲದಲ್ಲಿದೆ. ಹಂಪಿ ಇರೋದು ತುಂಗಭದ್ರೆಯ ದಂಡೆಯಲ್ಲೇ. ಈ ದೋಆಬ್ ಕೈಬಿಟ್ಟರೆ ಶತ್ರು ಹೊಳೆಯ ಆಚೆ ದಡಕ್ಕೇ ಬಂದ ಹಾಗೆ. ಅತ್ತ ಸುಲ್ತಾನನಿಗೆ ಇದು ಹೋದರೆ ರಾಯನ ಸೈನ್ಯ ಕೃಷ್ಣೆಯ ದಂಡೆಗೇ ಬರುತ್ತೆ. ಜೊತೆಗೆ ಹತ್ತಿ ಬೆಳೆಯುವ ಎರೆಭೂಮಿ, ಹಟ್ಟಿ-ಮಸ್ಕಿಯ ಚಿನ್ನ. ಮಸ್ಕಿಯ ಅಶೋಕನ ಶಾಸನ 1915ರಲ್ಲಿ ಕಣ್ಣಿಗೆ ಬಿದ್ದದ್ದೂ ಗಣಿ ಎಂಜಿನಿಯರ್ ಒಬ್ಬರಿಗೆ!

ಇನ್ನೂ ಅನುಮಾನವಿದ್ದರೆ 1853 ನೋಡಿ. ಸೈನ್ಯದ ಖರ್ಚಿನ ಬಾಕಿಗಾಗಿ ನಿಜಾಮ ಇದೇ ದೋಆಬನ್ನು ಬ್ರಿಟಿಷರ ಕೈಗಿಟ್ಟ. 1860ರಲ್ಲಿ ವಾಪಸ್ ಸಿಕ್ಕಿತು. ಅಲ್ಲಿ ದೇವರೂ ಇಲ್ಲ, ಹೆಣ್ಣೂ ಇಲ್ಲ. ಬರೀ ಲೆಕ್ಕ. ನಮ್ಮ ಊರುಗಳು ಒತ್ತೆಯ ವಸ್ತು, ಅಷ್ಟೇ.

"ಹಳೇ ಕತೆ, ಬಿಡ್ರಿ" ಅನ್ನಬೇಡಿ. ಅದೇ ಕತೆ ಇವತ್ತು ವಾಟ್ಸಾಪ್‌ನಲ್ಲಿ ಬಂದು, ಪಕ್ಕದ ಹೊಲದವನನ್ನು ಶತ್ರು ಅನ್ನುತ್ತೆ. ಮುದಗಲ್ಲಿನ ಮೊಹರಂಗೆ ಇವತ್ತಿಗೂ ಎರಡೂ ಧರ್ಮದ ಜನ ಸೇರುತ್ತಾರೆ. ರಾಜರು ನೆಲಕ್ಕಾಗಿ ಹೊಡೆದಾಡಿದ್ದನ್ನು ನಾವು ದೇವರ ಹೆಸರಲ್ಲಿ ಮುಂದುವರಿಸಬೇಕಾ?

ನೀವೇನಂತೀರಿ?