ವಾಚಿನ ಡಬ್ಬಿಯ ಮೇಲೆ ಅಪ್‌ಡೇಟಿನ ಕೊನೆಯ ತಾರೀಖು ಅಚ್ಚಾಗಲಿ



ಸ್ಮಾರ್ಟ್‌ವಾಚ್ ಮಾರುವವರು ಪರದೆಯ ಅಳತೆ ಹೇಳುತ್ತಾರೆ, ಬ್ಯಾಟರಿ ಎಷ್ಟು ದಿನ ಬರುತ್ತದೆ ಎನ್ನುತ್ತಾರೆ, ಮಳೆಯಲ್ಲಿ ನೆನೆದರೂ ಏನೂ ಆಗದು ಎಂದು ಧೈರ್ಯ ಕೊಡುತ್ತಾರೆ. ಅದರೊಳಗಿನ ಸಾಫ್ಟ್‌ವೇರಿನ ದೋಷಗಳನ್ನು ಕಂಪನಿ ಎಷ್ಟು ವರ್ಷ ಸರಿಪಡಿಸಿಕೊಡುತ್ತದೆ ಎಂಬುದನ್ನು ಮಾತ್ರ ಹೇಳುವವರಿಲ್ಲ. ಡಬ್ಬಿಯ ಮೇಲೂ ಅದು ಕಾಣಸಿಗದು. ಇದು ನಾಲ್ಕು ಜನರ ಶೋಕಿಯ ವಿಷಯವೂ ಅಲ್ಲ: ಮಾರುಕಟ್ಟೆ ಸಮೀಕ್ಷೆ ನಡೆಸುವ ಐಡಿಸಿ ಸಂಸ್ಥೆಯ ಲೆಕ್ಕದಲ್ಲಿ 2023ರೊಂದರಲ್ಲೇ ಭಾರತದ ಮಾರುಕಟ್ಟೆಗೆ 5 ಕೋಟಿಗೂ ಹೆಚ್ಚು ಸ್ಮಾರ್ಟ್‌ವಾಚ್ ಬಂದವು. ನಮ್ಮ ಬೇಡಿಕೆ ಒಂದೇ. ಎಂಆರ್‌ಪಿ ಅಚ್ಚಾಗುವ ಜಾಗದಲ್ಲೇ, ಅಪ್‌ಡೇಟ್ ಯಾವ ವರ್ಷದ ಯಾವ ತಿಂಗಳವರೆಗೆ ಬರುತ್ತದೆ ಎಂಬುದೂ ಅಚ್ಚಾಗಬೇಕು.

ವಾಚು ನಮ್ಮ ಕೈಯಲ್ಲಿದ್ದರೂ ಅದರ ಜೀವ ಬೇರೆಯವರ ಕೈಯಲ್ಲಿದೆ. ಚಿಪ್ ಮಾಡುವವರು ಒಬ್ಬರು, ಆಪರೇಟಿಂಗ್ ಸಿಸ್ಟಂ ಬರೆಯುವವರು ಇನ್ನೊಬ್ಬರು, ತಮ್ಮ ಹೆಸರು ಹಾಕಿ ಮಾರುವವರು ಮತ್ತೊಬ್ಬರು. ಫೋನಿನ ಆ್ಯಪು, ಅದರ ಹಿಂದಿನ ಸರ್ವರು ಬೇರೆ. ಇವರಲ್ಲಿ ಯಾರು ಹಿಂದೆ ಸರಿದರೂ ಪೆಟ್ಟು ಬೀಳುವುದು ಕೊಂಡವರಿಗೆ. 2021ರ ಮೇ ತಿಂಗಳಲ್ಲಿ ಗೂಗಲ್ ತನ್ನ ವಾಚ್ ಆಪರೇಟಿಂಗ್ ಸಿಸ್ಟಂನ ಹೊಸ ಆವೃತ್ತಿ ವೇರ್ ಓಎಸ್ 3 ಘೋಷಿಸಿತು. ಆಗ ಜನರ ಕೈಯಲ್ಲಿದ್ದ ವೇರ್ ಓಎಸ್ ವಾಚುಗಳಲ್ಲಿ ಹೆಚ್ಚಿನವಕ್ಕೆ ಅದು ಸಿಗಲೇ ಇಲ್ಲ. ಕ್ವಾಲ್‌ಕಾಮಿನ ಸ್ನಾಪ್‌ಡ್ರ್ಯಾಗನ್ ವೇರ್ 4100 ಸಾಲಿನ ಚಿಪ್ ಇದ್ದ ಕೆಲವೇ ಮಾದರಿಗಳಿಗೆ ಆ ಭಾಗ್ಯ. ಅದೇ ವರ್ಷ ಹಳೆಯ ಆವೃತ್ತಿ ಹಾಕಿಕೊಂಡೇ ಮಾರುಕಟ್ಟೆಗೆ ಬಂದ ಫಾಸಿಲ್ ಜೆನ್ 6 ಕೊಂಡವರು 2022ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಕಾದು ಪಡೆದ ಅಪ್‌ಡೇಟು ವಾಚನ್ನು ಪೂರ್ತಿ ರೀಸೆಟ್ ಮಾಡಿಸಿತು, ಅಲ್ಲಿಯತನಕ ಇದ್ದ ಗೂಗಲ್ ಅಸಿಸ್ಟೆಂಟನ್ನೂ ಕಿತ್ತುಕೊಂಡಿತು. 2024ರ ಜನವರಿಯಲ್ಲಿ ಫಾಸಿಲ್ ಸ್ಮಾರ್ಟ್‌ವಾಚಿನ ವ್ಯಾಪಾರವನ್ನೇ ಕೈಬಿಟ್ಟಿತು. ದುಬಾರಿ ವಾಚು ಕೊಂಡರೆ ಈ ತಾಪತ್ರಯವಿಲ್ಲ ಎನ್ನುವ ಹಾಗೂ ಇಲ್ಲ. 2022ರ ಜೂನ್‌ನಲ್ಲಿ ಆ್ಯಪಲ್ ಪ್ರಕಟಿಸಿದ, ವಾಚ್ಓಎಸ್ 9 ಸಿಗುವ ವಾಚುಗಳ ಪಟ್ಟಿಯಲ್ಲಿ ಸೀರೀಸ್ 3 ಇರಲಿಲ್ಲ. ಆದರೆ ಸೆಪ್ಟೆಂಬರ್‌ವರೆಗೂ ಅದೇ ಕಂಪನಿ ಆ ಮಾದರಿಯನ್ನು ಹೊಚ್ಚ ಹೊಸದೆಂದು ಮಾರುತ್ತಲೇ ಇತ್ತು. ಡಬ್ಬಿಯ ಮೇಲೆ ತಾರೀಖು ಇದ್ದಿದ್ದರೆ ಆ ಮೂರು ತಿಂಗಳಲ್ಲಿ ಎಷ್ಟು ಜನ ಅದನ್ನು ಅದೇ ಬೆಲೆಗೆ ಕೊಳ್ಳುತ್ತಿದ್ದರು?

ನಮ್ಮಲ್ಲಿ ಹೆಚ್ಚು ಮಾರಾಟವಾಗುವ ಒಂದೆರಡು ಸಾವಿರ ರೂಪಾಯಿಯ ವಾಚುಗಳ ಪಾಡಂತೂ ಹೇಳತೀರದು. ಕೆಲವೇ ತಿಂಗಳಲ್ಲಿ ಹೊಸ ಮಾದರಿ ಬರುತ್ತದೆ, ಹಳೆಯದನ್ನು ಕೇಳುವವರಿರುವುದಿಲ್ಲ. ಫೋನಿನ ಜೊತೆ ಬ್ಲೂಟೂತ್ ಕಡಿದುಹೋಗುವುದು, ಮೇಜಿನ ಮೇಲಿಟ್ಟ ವಾಚು ನಾಡಿಬಡಿತ ತೋರಿಸುವುದು, ಕನ್ನಡದ ಸಂದೇಶ ಬಂದರೆ ಅಕ್ಷರಗಳ ಬದಲು ಖಾಲಿ ಚೌಕಗಳ ಸಾಲು ಮೂಡುವುದು ಹಲವರಿಗೆ ಪರಿಚಿತ ಗೋಳು. (ಕರ್ನಾಟಕದ ಅಂಗಡಿಯಲ್ಲಿ ಮಾರುವ ವಸ್ತುವಿಗೆ ಕನ್ನಡ ಓದಲು ಬಾರದಿರುವುದಕ್ಕೆ ಯಾರಿಗೂ ನಾಚಿಕೆ ಇದ್ದಂತಿಲ್ಲ.) ಇಂಥವುಗಳಲ್ಲಿ ಬಹುಪಾಲು ಸಾಫ್ಟ್‌ವೇರ್ ತಿದ್ದಿದರೆ ಹೋಗುವ ಅಥವಾ ತಗ್ಗುವ ದೋಷಗಳು. ವಾರಂಟಿ ಇದೆಯಲ್ಲ ಎನ್ನಬಹುದು. ವಾರಂಟಿ ಇದೆ, ಆದರೆ ತಿದ್ದಿದ ಸಾಫ್ಟ್‌ವೇರನ್ನು ಕಂಪನಿ ಹೊರತರದಿದ್ದರೆ ಬದಲಿಗೆ ಕೊಟ್ಟ ವಾಚಿನಲ್ಲೂ ಅದೇ ದೋಷ ಇರುತ್ತದೆ.

ಈ ಬೇಡಿಕೆಗೆ ಬರುವ ಮೊದಲ ಆಕ್ಷೇಪ: ಇಷ್ಟು ಅಗ್ಗದ ವಸ್ತುವಿನಿಂದ ಇನ್ನೇನು ಬೇಕು? ಹತ್ತು ರೂಪಾಯಿಯ ಬಿಸ್ಕತ್ತಿನ ಪೊಟ್ಟಣದ ಮೇಲೂ ಎಂದಿನವರೆಗೆ ತಿನ್ನಬಹುದು ಎಂದು ಬರೆದಿರುತ್ತದೆ. ಬೆಲೆ ಕಡಿಮೆ ಎಂದು ಯಾರೂ ಅದಕ್ಕೆ ವಿನಾಯಿತಿ ಕೊಟ್ಟಿಲ್ಲ. ಐದು ವರ್ಷ ಅಪ್‌ಡೇಟ್ ಕೊಡಲೇಬೇಕೆಂದು ನಾವು ಕೇಳುತ್ತಿಲ್ಲ. ಆರೇ ತಿಂಗಳು ಎಂದಾದರೆ ಆರು ತಿಂಗಳು ಎಂದೇ ಬರೆಯಲಿ, ನೋಡಿ ಕೊಳ್ಳುತ್ತೇವೆ. ಹಾಗಾಗಿ ಬೆಲೆ ಏರುತ್ತದೆ ಎಂಬ ಹೆದರಿಕೆಗೂ ಆಧಾರವಿಲ್ಲ. ಒಂದು ಸಾಲು ಅಚ್ಚು ಹಾಕಲು ಎಷ್ಟು ಖರ್ಚಾದೀತು? ಇನ್ನು, ಮುಂದಿನದನ್ನು ಈಗಲೇ ಹೇಳಲಾಗದು ಎಂಬ ವಾದ. ಗೂಗಲ್ ತನ್ನ ಮೊದಲ ಪಿಕ್ಸೆಲ್ ವಾಚಿಗೆ 2025ರ ಅಕ್ಟೋಬರ್‌ವರೆಗೆ ಅಪ್‌ಡೇಟ್ ಖಾತರಿ ಎಂದು ಮೊದಲೇ ಹೇಳಿತ್ತು. ಬ್ರಿಟನ್‌ನಲ್ಲಂತೂ 2024ರ ಏಪ್ರಿಲ್ 29ರಿಂದ, ಇಂಟರ್ನೆಟ್‌ಗೆ ಜೋಡಿಸಬಹುದಾದ ಗ್ರಾಹಕ ಸಾಧನಗಳಿಗೆ ಸುರಕ್ಷತಾ ಅಪ್‌ಡೇಟ್ ಕನಿಷ್ಠ ಎಲ್ಲಿಯವರೆಗೆ ಎಂದು ಪ್ರಕಟಿಸುವುದು ಕಾನೂನಿನಂತೆ ಕಡ್ಡಾಯ. ಅಲ್ಲಿನ ಕಾನೂನು ಇಷ್ಟೇ ವರ್ಷ ಎಂದು ವಿಧಿಸಿಲ್ಲ, ಮುಚ್ಚಿಡಬೇಡಿ ಎಂದಷ್ಟೇ ಹೇಳಿದೆ. ಕಡ್ಡಾಯ ಮಾಡದೆ ಕಂಪನಿಗಳ ಒಳ್ಳೆಯತನಕ್ಕೆ ಬಿಟ್ಟರೆ ಏನಾಗುತ್ತದೆಂಬುದಕ್ಕೆ ಅಮೆರಿಕ ಸಾಕ್ಷಿ: ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಸಿಬ್ಬಂದಿ 2024ರಲ್ಲಿ ಪರಿಶೀಲಿಸಿದ 184 ಸ್ಮಾರ್ಟ್ ಸಾಧನಗಳಲ್ಲಿ 163ಕ್ಕೆ ತಯಾರಕರ ಜಾಲತಾಣದಲ್ಲಿ ಈ ಮಾಹಿತಿಯೇ ಇರಲಿಲ್ಲ.

ಕಂಪನಿಯೇ ಮುಚ್ಚಿಹೋದರೆ ತಾರೀಖಿನಿಂದ ಏನು ಪ್ರಯೋಜನ ಎಂಬ ಪ್ರಶ್ನೆಯಲ್ಲಿ ಹುರುಳಿದೆ. ಸ್ಮಾರ್ಟ್‌ವಾಚ್ ಕಂಪನಿ ಪೆಬಲ್ 2016ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು, 2018ರ ಜೂನ್ 30ಕ್ಕೆ ಅದರ ಸರ್ವರ್‌ಗಳೂ ನಿಂತವು. ಆ ವಾಚುಗಳು ಉಳಿದುಕೊಂಡದ್ದು ರೆಬಲ್ ಎಂಬ ಸ್ವಯಂಸೇವಕರ ಗುಂಪಿನ ದುಡಿಮೆಯಿಂದ. ಮುಳುಗಿದ ಕಂಪನಿಯಿಂದ ಅಚ್ಚಾದ ತಾರೀಖು ಏನನ್ನೂ ವಸೂಲು ಮಾಡಿಕೊಡದು, ನಿಜ. ಆದರೆ ನಮ್ಮನ್ನು ಸತಾಯಿಸುತ್ತಿರುವವರಲ್ಲಿ ಹೆಚ್ಚಿನವರು ಮುಳುಗಿದವರಲ್ಲ, ಚೆನ್ನಾಗಿಯೇ ವ್ಯಾಪಾರ ಮಾಡುತ್ತಿರುವವರು.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ವಸ್ತುವಿನ ಗುಣಮಟ್ಟವನ್ನು ತಿಳಿಯುವ ಹಕ್ಕನ್ನು ನಮಗೆ ಕೊಟ್ಟಿದೆ. ಡಬ್ಬಿಯ ಮೇಲೆ ಏನೇನು ಇರಬೇಕೆಂದು ಹೇಳುವ 2011ರ ಪೊಟ್ಟಣ ಸಾಮಗ್ರಿಗಳ ನಿಯಮಗಳಿಗೆ ಒಂದು ಸಾಲು ಸೇರಿದರೆ ಸಾಕು. ಹಾಗೆ ಸೇರಿಸಿ ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಗೆ ಒಂದು ಕಾಗದ ಬರೆಯಿರಿ, ನಿಮ್ಮ ಸಂಸದರಿಗೂ ಒಂದು ಪ್ರತಿ ಕಳಿಸಿ. ವಾಚು ಕೊಳ್ಳುವಾಗ ಅಪ್‌ಡೇಟ್ ಎಲ್ಲಿಯವರೆಗೆ ಎಂದು ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಬರೆದುಕೊಡದ ಅಂಗಡಿಯಲ್ಲಿ ಕೊಳ್ಳಬೇಡಿ. ಕೊಟ್ಟ ಮಾತು ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಅಲ್ಲಿ ಶುಲ್ಕವಿಲ್ಲ.