ದೂರದ ಯುದ್ಧವೂ ಜೆಪ್ಪಿನ ಹಂಚೂ

ಯುದ್ಧವೆಂದರೆ ರಣರಂಗದಲ್ಲಿ ಆರಂಭವಾಗಿ ರಣರಂಗದಲ್ಲಿಯೇ ಮುಗಿಯುವ ವ್ಯವಹಾರವೆಂದು ಭಾವಿಸುವವರು ಇಂದಿಗೂ ನಮ್ಮಲ್ಲಿ ವಿರಳರಲ್ಲ. ಅಂಥವರು ಮಂಗಳೂರಿನ ಜೆಪ್ಪಿನ ಕಡೆಗೆ ಒಮ್ಮೆ ದೃಷ್ಟಿ ಹರಿಸಬೇಕೆಂದು ನಾವು ಬಿನ್ನವಿಸುತ್ತೇವೆ. ೧೯೧೪ರ ಮಹಾಯುದ್ಧದಲ್ಲಿ ಅಲ್ಲಿ ಒಂದು ಗುಂಡೂ ಹಾರಲಿಲ್ಲ. ಆದರೂ ಆ ಯುದ್ಧವು ಜೆಪ್ಪಿನ ಮನೆಮನೆಯನ್ನೂ ಹೊಕ್ಕಿತು.

೧೮೩೪ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನಿನವರು, ಮತಾಂತರ ಹೊಂದಿ ಕುಲಕಸುಬನ್ನೂ ಬಂಧುಬಳಗವನ್ನೂ ಕಳೆದುಕೊಂಡವರಿಗೆ ಜೀವನೋಪಾಯ ಕಲ್ಪಿಸುವುದಕ್ಕಾಗಿ ಮುದ್ರಣ, ನೆಯ್ಗೆ ಮೊದಲಾದ ಉದ್ಯಮಗಳನ್ನು ಹೂಡಿದರು. ೧೮೬೫ರಲ್ಲಿ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಶನರಿಯ ಮುಂದಾಳ್ತನದಲ್ಲಿ ನೇತ್ರಾವತಿಯ ದಡದ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆ ತಲೆಯೆತ್ತಿತು. ನದಿಯ ಜೇಡಿಮಣ್ಣು, ಕಾಡಿನ ಸೌದೆ, ಬಂದರಿನ ಹಡಗು ಈ ಮೂರೂ ಕೂಡಿ ಮಂಗಳೂರು ಹಂಚಿನ ಹೆಸರು ಕಡಲಾಚೆಗೂ ಹಬ್ಬಿತು. ಬಾಸೆಲ್ ಮಿಶನ್ ಎಂಬ ಹೆಸರನ್ನೂ ೧೮೬೫ ಎಂಬ ಇಸವಿಯನ್ನೂ ಹೊತ್ತ ಹಂಚುಗಳನ್ನು ಹಳೆಯ ಮನೆಗಳ ಮಾಡಿನಲ್ಲಿ ನಮ್ಮ ವಾಚಕರು ಕಂಡಿರಬಹುದು.

ಮಿಶನ್ನಿನ ಮುಖ್ಯಸ್ಥಾನ ಸ್ವಿಟ್ಜರ್ಲೆಂಡಿನದಾದರೂ ಅದರ ಮಿಶನರಿಗಳಲ್ಲಿ ಬಹುಮಂದಿ ಜರ್ಮನರು. ಆಂಗ್ಲರಿಗೂ ಜರ್ಮನರಿಗೂ ಯುದ್ಧ ಹತ್ತಿಕೊಂಡೊಡನೆ, ನಿನ್ನೆಯವರೆಗೆ ಶಾಲೆ ನಡೆಸಿ ಕೂಲಿ ಬಟವಾಡೆ ಮಾಡುತ್ತಿದ್ದವರು ಶತ್ರುದೇಶೀಯರೆನಿಸಿದರು. ಕೆಲವರು ಅಹಮದ್‌ನಗರದ ಶಿಬಿರದಲ್ಲಿ ಸೆರೆಯಾದರು. ಅನೇಕರನ್ನು ಹಡಗು ಹತ್ತಿಸಿ ಕಳುಹಿಸಲಾಯಿತು. ಉದ್ಯಮಗಳು ಸರಕಾರದ ಹತೋಟಿಗೆ ಬಂದು, ೧೯೧೯ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದುವು. ಮಣ್ಣು ಹದಮಾಡಿದವನಿಗೂ ಗೂಡಿಗೆ ಬೆಂಕಿಯಿಟ್ಟವನಿಗೂ ಈ ಜಗಳದಲ್ಲಿ ಯಾವ ಪಾಲೂ ಇರಲಿಲ್ಲ. ಆದರೆ ಅವನ ಅನ್ನದಾತನೂ ಗುರುವೂ ಒಮ್ಮೆಗೇ ಮರೆಯಾದರು. ಕಾರ್ಖಾನೆಯ ಯಜಮಾನಿಕೆಯಾದರೋ ಒಬ್ಬ ಪರದೇಶೀಯನಿಂದ ಮತ್ತೊಬ್ಬ ಪರದೇಶೀಯನಿಗೆ ಹೋಯಿತು, ದುಡಿದವನಿಗೆ ಬರಲಿಲ್ಲ. ಆದರೂ ಸಭೆಯ ಹೊಣೆ ದೇಶೀಯ ಪಾದ್ರಿಗಳ ಹೆಗಲಿಗೆ ಬಿದ್ದಾಗ ಅವರು ಅದನ್ನು ಹೊರಬಲ್ಲವರಾದರೆಂಬುದನ್ನು ನಾವು ಸಂತೋಷದಿಂದ ಸ್ಮರಿಸುತ್ತೇವೆ.

ಇನ್ನು ಸೈನಿಕರ ಮಾತು. ಆ ಯುದ್ಧಕ್ಕಾಗಿ ಈ ದೇಶದಿಂದ ಸುಮಾರು ೧೩ ಲಕ್ಷ ಜನ ಕಡಲು ದಾಟಿದರು. ೭೦ ಸಾವಿರಕ್ಕೂ ಮಿಕ್ಕವರು ಮರಳಿ ಬರಲಿಲ್ಲ. ೧೯೧೮ರ ಸೆಪ್ಟೆಂಬರ್ ೨೩ರಂದು ಜೋಧಪುರದ ಸವಾರರೊಡನೆ ನಮ್ಮ ಮೈಸೂರು ಲ್ಯಾನ್ಸರ್ಸ್ ಅಶ್ವದಳದವರು ಹೈಫಾ ನಗರವನ್ನು ಗೆದ್ದರು. ಅವರ ಶೌರ್ಯಕ್ಕೆ ದೆಹಲಿಯಲ್ಲಿ ಸ್ಮಾರಕವುಂಟು, ಅದು ಯೋಗ್ಯವೇ. ಆದರೆ ಇಷ್ಟು ರಕ್ತಕ್ಕೆ ದೇಶವು ಪಡೆದ ಪ್ರತಿಫಲವೇನು? ೧೯೧೯ರಲ್ಲಿ ರೌಲಟ್ ಶಾಸನ, ಅದರ ಬೆನ್ನಿಗೇ ಜಲಿಯನ್‌ವಾಲಾ ಬಾಗಿನ ಹತ್ಯೆ. ಸೋತ ತುರ್ಕಿಯ ಖಲೀಫರ ಪ್ರಶ್ನೆ ಇಲ್ಲಿ ಖಿಲಾಫತ್ ಚಳವಳಿಯಾಯಿತು. ೧೯೨೦ರ ಆಗಸ್ಟಿನಲ್ಲಿ ಗಾಂಧೀಜಿಯವರು ಶೌಕತ್ ಅಲಿಯವರೊಡನೆ ಮಂಗಳೂರಿಗೇ ಬಂದು ಅಸಹಕಾರದ ಸಂದೇಶವಿತ್ತರು. ೧೯೩೯ರಲ್ಲಿ ವೈಸರಾಯರು ಜನಪ್ರತಿನಿಧಿಗಳನ್ನು ಕೇಳದೆಯೇ ದೇಶವನ್ನು ಮತ್ತೊಂದು ಯುದ್ಧಕ್ಕೆ ನೂಕಿದರು. ದಕ್ಷಿಣ ಕನ್ನಡವು ಆಗ ಸೇರಿದ್ದ ಮದರಾಸು ಪ್ರಾಂತದ ಕಾಂಗ್ರೆಸ್ ಮಂತ್ರಿಮಂಡಲವು ರಾಜೀನಾಮೆ ಕೊಟ್ಟಿತು. ಪ್ರಜೆಯನ್ನು ಕೇಳದೆ ಹೂಡಿದ ಯುದ್ಧದ ಬೆಲೆಯನ್ನು ಕೊನೆಗೆ ಆಳುವವನೂ ತೆರಬೇಕಾಗುತ್ತದೆ.

ಇವೆಲ್ಲ ಪರರಾಜ್ಯದ ಕಾಲದ ಮಾತೆಂದು ಸುಮ್ಮನಿರುವಂತಿಲ್ಲ. ೧೯೯೦ರಲ್ಲಿ ಇರಾಕು ಕುವೈತನ್ನು ಆಕ್ರಮಿಸಿದಾಗ ೧ ಲಕ್ಷ ೭೦ ಸಾವಿರಕ್ಕೂ ಮಿಕ್ಕ ಭಾರತೀಯರನ್ನು ಕರೆತರಬೇಕಾಯಿತು. ದುಡಿಮೆಗಾಗಿ ಅರಬ್ಬೀ ದೇಶಗಳಿಗೆ ಹೋದವರಿಲ್ಲದ ಬೀದಿ ನಮ್ಮ ಕರಾವಳಿಯಲ್ಲಿ ಎಲ್ಲಿದೆ? ೨೦೨೨ರ ಮಾರ್ಚ್ ೧ರಂದು ಯುಕ್ರೇನಿನ ಖಾರ್ಕಿವ್ ನಗರದಲ್ಲಿ ಮಡಿದ ಹಾವೇರಿ ಜಿಲ್ಲೆಯ ವೈದ್ಯವಿದ್ಯಾರ್ಥಿ ಯಾವ ಪಕ್ಷದ ಯೋಧನೂ ಆಗಿರಲಿಲ್ಲ.

ಆದುದರಿಂದ ನಮ್ಮ ಸೂಚನೆಗಳು ಎರಡು. ಪರದೇಶದಲ್ಲಿರುವವರ ಪಟ್ಟಿಯನ್ನೂ, ಸಂಪಾದನೆ ನಿಂತ ಅವರ ಮನೆಗಳಿಗೆ ಕೊಡಬೇಕಾದ ನೆರವಿನ ಕ್ರಮವನ್ನೂ ಅಧಿಕಾರಿಗಳು ಶಾಂತಿಕಾಲದಲ್ಲಿಯೇ ಸಿದ್ಧವಾಗಿಟ್ಟಿರಬೇಕು. ವಿಮಾನ ಕಳುಹಿಸಿದಲ್ಲಿಗೆ ಸರಕಾರದ ಕರ್ತವ್ಯ ಮುಗಿಯುವುದಿಲ್ಲ. ಎರಡನೆಯದಾಗಿ, ಜೆಪ್ಪಿನಂಥ ಸ್ಥಳಗಳ ಯುದ್ಧಕಾಲದ ವೃತ್ತಾಂತವನ್ನು ನಗರಪಾಲಿಕೆಯೂ ವಿಶ್ವವಿದ್ಯಾನಿಲಯವೂ ಸಭೆಗಳವರೂ ಕೂಡಿ ಬರೆಯಿಸಿ ಮಕ್ಕಳಿಗೆ ಓದಿಸಬೇಕು. ಪರರಾಜ್ಯದಲ್ಲಿ ನಮ್ಮನ್ನು ಕೇಳುವವರಿರಲಿಲ್ಲ. ಸ್ವರಾಜ್ಯದಲ್ಲಿ ಮನೆಯವರ ಕಷ್ಟವನ್ನು ಮೊದಲೇ ಎಣಿಸದಿದ್ದರೆ ಆ ತಪ್ಪು ನಮ್ಮದೇ ಆಗುತ್ತದೆ.