ನಲವತ್ತು ವರ್ಷಗಳ ಕಡತವನ್ನು ಕೇಳುವವರಾರು?

ಮೂರು ವರ್ಷಗಳೊಳಗೆ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಕ್ಯಾನ್ಸರ್ ಡೇ ಕೇರ್ ಕೇಂದ್ರಗಳನ್ನು ತೆರೆಯುವುದಾಗಿ 2025ರ ಕೇಂದ್ರ ಮುಂಗಡಪತ್ರವು ಸಾರಿದಂದಿನಿಂದ, ಔಷಧವು ಊರಿಗೆ ಬಂದೊಡನೆ ರೋಗವು ತಾನಾಗಿ ಹಿಮ್ಮೆಟ್ಟುವುದೆಂಬ ನಂಬಿಕೆ ನಮ್ಮ ವಿದ್ವಜ್ಜನರಲ್ಲಿಯೂ ಬೇರೂರಿದಂತಿದೆ. ಕಲ್ನಾರಿನ ಧೂಳಿನೊಡನೆ ನಂಟುಳ್ಳ, ಉದರದ ಒಳಪೊರೆಯಲ್ಲಿ ಹುಟ್ಟುವ ಮೀಸೋಥೀಲಿಯೋಮಾ ಎಂಬ ವಿರಳ ಅರ್ಬುದದ ವಿಷಯದಲ್ಲಿ ಈ ನಂಬಿಕೆ ನಿರಾಧಾರವಾದುದು. ಇಲ್ಲಿ ನಮ್ಮನ್ನು ಕಾಡುತ್ತಿರುವುದು ಔಷಧದ ಅಭಾವಕ್ಕಿಂತ ಮಿಗಿಲಾಗಿ ಕಡತದ ಅಭಾವ.

ಸಂಶೋಧನೆ ನಿಂತಿದೆಯೆಂದಲ್ಲ. ಗೆಡ್ಡೆಗಳನ್ನು ಸಾಧ್ಯವಾದಷ್ಟೂ ಕತ್ತರಿಸಿ ತೆಗೆದು, ಕಾಯಿಸಿದ ಔಷಧದ್ರವವನ್ನು ಉದರದಲ್ಲಿ ಹರಿಯಿಸುವ ಚಿಕಿತ್ಸೆಯ ಫಲವನ್ನು ಪರಿಶೀಲಿಸಿದ ವರದಿಯೊಂದು 2009ರಲ್ಲಿ ಪ್ರಕಟವಾಯಿತು. ಆಯ್ದ ರೋಗಿಗಳಲ್ಲಿ ಬದುಕಿನ ಮಧ್ಯಮಾವಧಿ 53 ತಿಂಗಳು. ಆದರೆ ಹಲವು ದೇಶಗಳ ಎಂಟು ಸಂಸ್ಥೆಗಳು ಕೂಡಿಯೂ ಒಟ್ಟುಮಾಡಲಾದವರು 405 ಮಂದಿ ಮಾತ್ರ. ನಿವೊಲುಮ್ಯಾಬ್ ಮತ್ತು ಇಪಿಲಿಮುಮ್ಯಾಬ್ ಜೋಡಿಗೆ 2020ರಲ್ಲಿ ಅಮೆರಿಕವು ನೀಡಿದ ಅನುಮತಿಯೂ ಶ್ವಾಸಕೋಶದ ಹೊರಪೊರೆಯ ರೋಗಕ್ಕೆ ಸೀಮಿತವಾದುದು. ಉದರದ ರೋಗಿಗಳು ಅಲ್ಪಸಂಖ್ಯಾತರು. ಅವರನ್ನು ಹುಡುಕದೆ ಪರೀಕ್ಷೆಯಿಲ್ಲ, ಪರೀಕ್ಷೆಯಿಲ್ಲದೆ ಔಷಧವಿಲ್ಲ.

ಹುಡುಕುವ ಮಾರ್ಗವನ್ನು ಸರ್ವೋಚ್ಚ ನ್ಯಾಯಾಲಯವೇ 1995ರ ಜನವರಿಯಲ್ಲಿ ತೋರಿತ್ತು. ಕಲ್ನಾರು ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ಕನಿಷ್ಠ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಕಾಯ್ದಿಡಬೇಕೆಂದು ಅದು ವಿಧಿಸಿತು. ಅದೇ ತೀರ್ಪು ವಿಧಿಸಿದ ಪರಿಹಾರದ ಒಂದು ಲಕ್ಷ ರೂಪಾಯಿಯನ್ನು ಎಲ್ಲರೂ ನೆನೆಯುತ್ತಾರೆ. ಈ ನಲವತ್ತನ್ನು ನೆನೆಯುವವರಿಲ್ಲ. ಧೂಳು ಸೇವಿಸಿದ ದೇಹದಲ್ಲಿ ಈ ರೋಗವು ಎರಡು, ಮೂರು, ನಾಲ್ಕು ದಶಕಗಳ ಕಾಲ ಸುಪ್ತವಾಗಿರುವುದರಿಂದ, ಕಡತದ ಆಯುಷ್ಯವು ರೋಗದ ಆಯುಷ್ಯಕ್ಕೆ ಸಮನಾಗಿರಬೇಕಾದುದು ನ್ಯಾಯ. ಹೊಸ ಕಲ್ನಾರು ಗಣಿ ಗುತ್ತಿಗೆಗಳು ನಿಂತದ್ದು 1986ರಲ್ಲಿ. ಆ ಕಾಲದಲ್ಲಿ ಗಣಿಯಲ್ಲೋ ಶೀಟ್ ಕಾರ್ಖಾನೆಯಲ್ಲೋ ಇಪ್ಪತ್ತರ ಹರೆಯದಲ್ಲಿ ಸೇರಿದವರು ಈಗ ಅರವತ್ತರ ಅಂಚಿನಲ್ಲಿದ್ದಾರೆ. ಗಣಿಗಾರಿಕೆ ನಿಂತರೂ ಆಮದು ನಿಲ್ಲಲಿಲ್ಲವಾದುದರಿಂದ ಅವರ ಹಿಂದೆ ಇನ್ನೊಂದು ಪೀಳಿಗೆಯೂ ಇದೆ.

ಇದು ದೂರದ ಮಾತಲ್ಲ. ಕಲ್ನಾರಿನ ನಿಕ್ಷೇಪದಲ್ಲಿ ರಾಜಸ್ಥಾನದ ತರುವಾಯ ಕರ್ನಾಟಕದ ಹೆಸರು ಬರುತ್ತದೆ. ಮೈಸೂರಿನಿಂದ ಹಾಸನಕ್ಕೆ ಹೋಗುವ ರೈಲು ಹಾಯುವ ಹೊಳೆನರಸೀಪುರದ ಸೀಮೆಯ ಶಿಲೆಯಲ್ಲಿಯೂ ಅದು ಇದೆ. ಹೊಟ್ಟೆಯಲ್ಲಿ ನೀರು ತುಂಬಿ ಬಂದ ರೋಗಿಯನ್ನು ಕ್ಷಯವೆಂದೋ, ಹೆಂಗಸಾದರೆ ಅಂಡಾಶಯದ ಅರ್ಬುದವೆಂದೋ ಭಾವಿಸುವುದು ವೈದ್ಯರಿಗೆ ಸುಲಭ. ರೋಗಿಯ ಪೂರ್ವದ ದುಡಿಮೆಯನ್ನು ವಿಚಾರಿಸದಿದ್ದರೆ ಆ ಪ್ರಮಾದ ತಿದ್ದಿಕೊಳ್ಳುವಂತೆಯೂ ಇಲ್ಲ.

ವಿರಳ ರೋಗಕ್ಕೆ ಇಷ್ಟು ಶ್ರಮವೇಕೆಂದು ಕೇಳುವವರುಂಟು. ಎಣಿಸದ ರೋಗವು ವಿರಳವಾಗಿಯೇ ತೋರುತ್ತದೆಂಬುದು ಅವರಿಗೆ ಹೊಳೆಯದಿರುವುದು ಆಶ್ಚರ್ಯ. ಮೈಸೂರಿನ ಕೆ.ಆರ್. ಆಸ್ಪತ್ರೆಯಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯವರೆಗೆ ಪ್ರತಿ ಕೇಸ್ ಶೀಟಿನಲ್ಲಿಯೂ ರೋಗಿಯ ಉದ್ಯೋಗ, ಸ್ಥಳ, ವರ್ಷಗಳನ್ನು ಬರೆಯುವುದಕ್ಕೆ ಹೊಸ ಕಟ್ಟಡ ಬೇಕಿಲ್ಲ. ರಾಜ್ಯದ ಕಾರ್ಮಿಕ ಇಲಾಖೆಯು ಕಾರ್ಖಾನೆಗಳಿಂದ ಆ ನಲವತ್ತು ವರ್ಷಗಳ ಕಡತಗಳನ್ನು ಈ ವರ್ಷವೇ ತರಿಸಿಕೊಂಡು, ಆರೋಗ್ಯ ಇಲಾಖೆಯ ಕೈಗೆ ಒಪ್ಪಿಸಲಿ.